ಹನೂರಿನಿಂದ ಬೀಗರ ಬಸ್ಸು, ಓವರ್!

ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರೂ ಊರುಗಳ ಹವ್ಯಾಸಿ ರೇಡಿಯೋ ಆಪರೇಟರುಗಳಿಗೆ ಸಂಪನ್ಮೂಲ ಮತ್ತು ಬೆಂಬಲ ಒದಗಿಸುವ ಸಂಘವೊಂದನ್ನು ನಾನು ಸ್ಥಾಪಿಸಿದಾಗ, ಆ ಮೂರೂ ಊರುಗಳಲ್ಲಿ ಇದ್ದ ಹವ್ಯಾಸಿ ರೇಡಿಯೋ ಆಪರೇಟರುಗಳು ಒಟ್ಟು ಮೂರು ಜನ. ಊರಿಗೊಬ್ಬರು. ಕೊಳ್ಳೇಗಾಲದ ನಾನು ಅಧ್ಯಕ್ಷನಾದೆ. ಹನೂರಿನ ಗುರುಸಿದ್ದಪ್ಪ ಮೇಷ್ಟ್ರು ಕಾರ್ಯದರ್ಶಿಯಾದರು. ಯಳಂದೂರಿನ ರೈಸ್‌ಮಿಲ್ ಮಾದೇವಸ್ವಾಮಿ ಖಜಾಂಚಿಯಾದರು. ಸದಸ್ಯರಾಗಲು ಯಾರೂ ಉಳಿಯಲಿಲ್ಲ!

ಹವ್ಯಾಸಿ ರೇಡಿಯೋ ಎಂದರೆ ಸಿಲೋನ್ ಸ್ಟೇಷನ್ ಹಾಕಿ ಹಾಡು ಕೇಳುವುದಲ್ಲ. ಸರ್ಕಾರದ ಪರೀಕ್ಷೆ ಬರೆದು, ಮೋರ್ಸ್ ಸಂಕೇತದ ಕಟ್ಟ ಕಡ ಕಲಿತು, ಲೈಸೆನ್ಸ್ ಪಡೆದು, ಮನೆಯಲ್ಲೇ ಒಂದು ಸೆಟ್ಟು ಕಟ್ಟಿಕೊಂಡು, ತನ್ನಂಥ ಇನ್ನೊಬ್ಬ ಹುಚ್ಚನ ಜೊತೆ ಗಾಳಿಯಲ್ಲಿ ಮಾತಾಡುವುದು. ಒಬ್ಬರು ಮಾತು ಮುಗಿಸಿ ‘ಓವರ್’ ಎಂದ ಮೇಲೆಯೇ ಇನ್ನೊಬ್ಬರ ಸರದಿ. ಏನು ಮಾತಾಡುತ್ತೀರಿ ಎಂದು ಕೇಳಿದವರಿದ್ದಾರೆ. ನನ್ನ ದನಿ ಹೇಗೆ ಕೇಳಿಸುತ್ತಿದೆ ಎಂದು ನಾನು ಕೇಳುತ್ತೇನೆ. ಚೆನ್ನಾಗಿ ಕೇಳಿಸುತ್ತಿದೆ, ನನ್ನದು ಹೇಗೆ ಕೇಳಿಸುತ್ತಿದೆ ಎಂದು ಅವರು ಕೇಳುತ್ತಾರೆ. ಇಷ್ಟರಲ್ಲಿ ಒಂದು ಸಂಜೆ ಕಳೆದಿರುತ್ತದೆ.

ನಮ್ಮ ಸಂಘದ ಸಂಪನ್ಮೂಲ ಇಂತಿತ್ತು: ಒಂದು ಮಲ್ಟಿಮೀಟರ್, ಒಂದು ಸಾಲ್ಡರಿಂಗ್ ಕಡ್ಡಿ, ಮೊದಲ ನಲವತ್ತು ಪುಟ ಇಲ್ಲದ ಒಂದು ಕೈಪಿಡಿ. ಕೈಪಿಡಿ ತಿಂಗಳಿಗೊಬ್ಬರ ಮನೆಯಂತೆ ಮೂರೂ ಊರಿನ ನಡುವೆ ಬಸ್ಸಿನಲ್ಲಿ ಓಡಾಡಿಕೊಂಡಿತ್ತು. ಇನ್ನು ಬೆಂಬಲ ಸೇವೆ. ಯಾರಾದರೊಬ್ಬರ ಸೆಟ್ಟು ಸುಟ್ಟುಹೋದರೆ ಉಳಿದಿಬ್ಬರು ಅವರ ಮನೆಗೆ ಹೋಗಿ, ಸುಟ್ಟ ಭಾಗವನ್ನು ನೋಡಿ, ಕಾಫಿ ಕುಡಿದು, ಸಮಾಧಾನ ಹೇಳಿ ಬರುವುದು. ಸಂಘದ ಹೆಸರು ಎಷ್ಟು ಉದ್ದವಿತ್ತೆಂದರೆ ರಬ್ಬರ್ ಸ್ಟಾಂಪು ಹೊಡೆದ ಮೇಲೆ ಪೋಸ್ಟ್‌ಕಾರ್ಡಿನಲ್ಲಿ ‘ಕ್ಷೇಮ’ ಎಂದು ಬರೆಯುವಷ್ಟೇ ಜಾಗ ಉಳಿಯುತ್ತಿತ್ತು.

ನನ್ನ ಹೆಂಡತಿ ಮಂಗಳಳ ಅಭಿಪ್ರಾಯ ಬೇರೆ. “ಮೂರು ಜನ ಗಂಡಸ್ರು ‘ಕೇಳುಸ್ತಾ, ಕೇಳುಸ್ತಾ’ ಅಂತ ಕೂಗ್ಕಂಡು ಕೂತಿರದುಕ್ಕೆ ಸಂಘ ಬ್ಯಾರೆ ಕೇಡು!” ಎನ್ನುತ್ತಿದ್ದಳು. ಸೇವೆಯ ಮಹತ್ವ ಅವಳಿಗೆ ತಿಳಿಯದು ಎಂದು ನಾನು ಕ್ಷಮಿಸುತ್ತಿದ್ದೆ. ಸೇವೆ ಮಾಡುವ ಸಂದರ್ಭ ಒದಗಿಬರಲಿ, ಆಗ ತೋರಿಸುತ್ತೇನೆ ಎಂದುಕೊಂಡಿದ್ದೆ. ಒದಗಿಬಂತು. ಮಂಗಳಳ ತಂಗಿ ಗೀತಾಳ ಮದುವೆ ನಿಶ್ಚಯವಾಯಿತು.

ನನ್ನ ಮಾವನವರು ಕೊಳ್ಳೇಗಾಲದಲ್ಲಿ ರೇಷ್ಮೆಗೂಡಿನ ವ್ಯಾಪಾರಿ. ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು, ಒಳಗಿರುವ ಹುಳುವಿನ ಜಾತಕ ಹೇಳಿಬಿಡುತ್ತಾರೆ. ಹಿರಿಯ ಅಳಿಯನನ್ನು ಆರಿಸುವಾಗ ಮಾತ್ರ ಅಲ್ಲಾಡಿಸಿ ನೋಡುವುದನ್ನು ಮರೆತರು. ಅಂಥವರಿಗೂ ಒಂದು ಭಯವಿತ್ತು. ಅದು ಬೀಗರನ್ನು ಎದುರುಗೊಳ್ಳುವ ಭಯ.

ನಮ್ಮ ಕಡೆ ಗಂಡಿನವರ ಬಸ್ಸು ಛತ್ರದ ಮುಂದೆ ನಿಲ್ಲುವ ಹೊತ್ತಿಗೆ ವಾಲಗ ಊದುತ್ತಿರಬೇಕು, ಆರತಿ ತಟ್ಟೆ ಸಿದ್ಧವಾಗಿರಬೇಕು, ಹೆಣ್ಣಿನ ಕಡೆಯ ಹಿರಿಯರು ಬಾಗಿಲಲ್ಲಿ ಕೈಮುಗಿದು ನಿಂತಿರಬೇಕು. ಐದು ನಿಮಿಷ ತಡವಾದರೂ ಐವತ್ತು ವರ್ಷದ ಮಾತು. ನನ್ನ ಮದುವೆಯಲ್ಲಿ ನಮ್ಮ ಕಡೆಯವರು ಒಂದು ಗಂಟೆ ಮುಂಚೆಯೇ ಬಂದುಬಿಟ್ಟಿದ್ದರು. ಬಾಗಿಲಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ನಮ್ಮ ಸೋದರತ್ತೆ ಎದುರಿನ ಮೋರಿಕಟ್ಟೆಯ ಮೇಲೆ ಕೂತವರು, ಮಾವನವರು ಬಂದು ಕಾಲು ಹಿಡಿಯುವವರೆಗೂ ಏಳಲಿಲ್ಲ. ಗೀತಾಳ ಮದುವೆಯಲ್ಲಿ ಹಾಗಾಗಕೂಡದು ಎಂದು ಮಾವನವರು ಮೂರು ತಿಂಗಳಿಂದ ಕೊರಗುತ್ತಿದ್ದರು. ಗಂಡಿನವರು ಹನೂರಿನಾಚೆ, ಮಾರ್ಟಳ್ಳಿ ದಾರಿಯ ಒಂದು ಹಳ್ಳಿಯ ದೊಡ್ಡ ಕುಳ. ಬಸ್ಸು ಯಾವಾಗ ಹೊರಡುತ್ತದೋ, ಎಲ್ಲಿ ಪಂಚರಾಗುತ್ತದೋ, ಎಷ್ಟು ಹೊತ್ತಿಗೆ ಬರುತ್ತದೋ ಶಿವನಿಗೇ ಗೊತ್ತು.

“ಶಿವನವರೆಗೆ ಯಾಕೆ ಹೋಗುತ್ತೀರಿ ಮಾವ? ನಮ್ಮ ಸಂಘ ಇದೆ!” ಎಂದೆ ನಾನು.

ಯೋಜನೆ ಸರಳವಾಗಿತ್ತು. ಛತ್ರದಲ್ಲಿ ನನ್ನ ಸೆಟ್ಟು. ಹನೂರಿನಲ್ಲಿ ಗುರುಸಿದ್ದಪ್ಪ ಮೇಷ್ಟ್ರ ಮನೆ ದೊಡ್ಡರಸ್ತೆಯ ಮೇಲೇ ಇದೆ, ಬೀಗರ ಬಸ್ಸು ಅವರ ಜಗಲಿ ದಾಟಿಯೇ ಬರಬೇಕು. ಮೇಷ್ಟ್ರು ಬಸ್ಸು ನಿಲ್ಲಿಸಿ ಎಲ್ಲರಿಗೂ ಪಾನಕ ಕೊಟ್ಟು, ಬಸ್ಸು ಹೊರಟ ಕೂಡಲೇ ನನಗೆ ರೇಡಿಯೋದಲ್ಲಿ ತಿಳಿಸುವುದು. ಅಲ್ಲಿಂದ ಇಲ್ಲಿಗೆ ಒಂದು ಗಂಟೆ ದಾರಿ. ಅಷ್ಟರಲ್ಲಿ ನಾವು ಸಜ್ಜಾಗಿ ನಿಲ್ಲುವುದು. ವಾಲಗದವರು ಯಳಂದೂರು ಕಡೆಯವರು. ಅವರು ಹೊರಟದ್ದನ್ನು ಮಾದೇವಸ್ವಾಮಿ ತಿಳಿಸುವುದು. ಪಾನಕದ ವಿಚಾರ ನನ್ನದೇ ಸ್ವಂತ ಕಲ್ಪನೆ. ಬೆಂಬಲ ಸೇವೆ ಎಂದ ಮೇಲೆ ಬರೀ ಮಾತಿನ ಬೆಂಬಲ ಸಾಲದು ಎಂದುಕೊಂಡೆ.

“ಛತ್ರದ ಎದುರ್ಗೇ ಎಸ್.ಟಿ.ಡಿ. ಬೂತು ಬಂದದೆ ಕಣ್ರೀ. ಒಂದು ಫೋನ್ ಮಾಡುದ್ರೆ ಆಗಲ್ವಾ?” ಎಂದಳು ಮಂಗಳ.

“ಫೋನು ಕೆಟ್ಟರೆ?”

“ನಿಮ್ಮ ಪೆಟ್ಗೆ ಕೆಟ್ರೆ?”

ವಿಜ್ಞಾನದ ವಿಷಯವನ್ನು ಹೆಂಗಸರ ಜೊತೆ ಚರ್ಚಿಸಬಾರದು ಎಂದು ನಾನು ಗಂಭೀರವಾಗಿ ಎದ್ದುಹೋದೆ.

ಮದುವೆಗೆ ಎರಡು ದಿನ ಮೊದಲೇ ಛತ್ರದ ಮಾಳಿಗೆಯಿಂದ ಹಿತ್ತಲಿನ ತೆಂಗಿನ ಮರಕ್ಕೆ ಇಪ್ಪತ್ತು ಮೀಟರು ತಾಮ್ರದ ತಂತಿ ಎಳೆದು ಕಟ್ಟಿದೆ. ಅದು ನನ್ನ ಆಂಟೆನಾ. ಮರುದಿನ ಹೋಗಿ ನೋಡುತ್ತೇನೆ, ತಂತಿಯ ಉದ್ದಕ್ಕೂ ಮಾವಿನ ತೋರಣ! ಅದರ ಮೇಲೆ ಸೀರಿಯಲ್ ಸೆಟ್ ದೀಪ! ದೀಪ ಮುಗಿದ ಕಡೆ ಯಾರದೋ ಒದ್ದೆ ಪಂಚೆ, ಎರಡು ಲಂಗ!

“ತಂತಿ ಸುಮ್ಕೆ ಅದಲ್ಲಾ ಅಂತ ಕಟ್ಟುದ್ವಿ ಸಾ. ಎಂಗ್ ಕಾಣ್ತದೆ ನೋಡಿ!” ಎಂದ ಶಾಮಿಯಾನದವನು.

ನಿಜಕ್ಕೂ ಚೆನ್ನಾಗಿಯೇ ಕಾಣುತ್ತಿತ್ತು. ದೀಪ ಬಿಚ್ಚಿಸಿದೆ. ಪಂಚೆ ತೆಗೆಸಿದೆ. ತೋರಣಕ್ಕೆ ಕೈ ಹಾಕಿದಾಗ ಅತ್ತೆಯವರು, “ಮದ್ವೆ ಮನೇಲಿ ಕಟ್ಟಿದ್ ತೋರಣ ಬಿಚ್ಚಾರಾ?” ಎಂದು ಕಣ್ಣಲ್ಲಿ ನೀರು ತಂದುಕೊಂಡರು. ತೋರಣ ಉಳಿಯಿತು. ಪ್ರಪಂಚದ ಹವ್ಯಾಸಿ ರೇಡಿಯೋ ಇತಿಹಾಸದಲ್ಲಿ ಮಾವಿನೆಲೆಯ ಮೂಲಕ ಪ್ರಸಾರ ಮಾಡಿದವನು ಬಹುಶಃ ನಾನೊಬ್ಬನೇ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಮೂರು ಗಂಟೆ. ಛತ್ರದ ಉಗ್ರಾಣದಲ್ಲಿ, ಕುಂಬಳಕಾಯಿ ರಾಶಿಗೂ ಅಕ್ಕಿ ಮೂಟೆಗೂ ನಡುವೆ, ನನ್ನ ಸೆಟ್ಟು ವಿರಾಜಮಾನವಾಯಿತು. ಸುದ್ದಿ ಹಬ್ಬಿ ನೆಂಟರೆಲ್ಲ ಬಂದು ಬಾಗಿಲಲ್ಲಿ ತುಂಬಿಕೊಂಡರು. ಮಾವನವರು ಮೂಟೆಯ ಮೇಲೆ ಕೂತರು. ಗೀತಾ ಅರಿಸಿನ ಹಚ್ಚಿದ ಕೆನ್ನೆಯಲ್ಲೇ ಕಿಟಕಿಯ ಹತ್ತಿರ ನಿಂತಳು. ಇಷ್ಟು ಜನ ನನ್ನ ಕಡೆ ಗೌರವದಿಂದ ನೋಡಿದ್ದು ನನ್ನ ಮದುವೆಯ ದಿನವೂ ಇರಲಿಲ್ಲ. ಅಡಿಗೆ ಮಲ್ಲಪ್ಪ ಮಾತ್ರ, “ಸಾ, ಆ ಬ್ಯಾಟ್ರಿ ಒಸಿ ಎತ್ಕಳಿ, ಅದ್ರ ಕೆಳುಗೆ ಬೆಲ್ಲ ಅದೆ” ಎಂದು ವೈಜ್ಞಾನಿಕ ವಾತಾವರಣವನ್ನು ಕೆಡಿಸಿದ.

ಮೊದಲು ಯಳಂದೂರು ಸಿಕ್ಕಿತು. “ನಮಸ್ಕಾರ ಅಧ್ಯಕ್ಷರೇ! ನನ್ನ ದನಿ ಹೇಗೆ ಕೇಳಿಸುತ್ತಿದೆ? ಓವರ್!” ಎಂದರು ಮಾದೇವಸ್ವಾಮಿ. ದನಿ ಉಗ್ರಾಣದ ತುಂಬ ಮೊಳಗಿತು. ನೆಂಟರು ‘ಆಹಾ’ ಎಂದರು. ಚೆನ್ನಾಗಿ ಕೇಳಿಸುತ್ತಿದೆ ಎಂದೆ. ನನ್ನದು ಹೇಗೆ ಎಂದು ಕೇಳಿದೆ. ಸ್ವಲ್ಪ ಎಲೆ ಎಲೆಯಾಗಿ ಕೇಳಿಸುತ್ತಿದೆ ಎಂದರು. ತೋರಣದ ವಿಷಯ ವಿವರಿಸಿದೆ. ಅವರಿಗೆ ಬಹಳ ಆಸಕ್ತಿ ಹುಟ್ಟಿತು. ಎಲೆ ಹಸಿಯೋ ಒಣಗಿದೆಯೋ, ಎಷ್ಟು ಅಂತರದಲ್ಲಿ ಕಟ್ಟಿದೆ ಎಂದೆಲ್ಲ ಕೇಳಿ ಬರೆದುಕೊಂಡರು. ತಮ್ಮ ಮಿಲ್ಲಿನ ಚಿಮಣಿಗೆ ತಂತಿ ಬಿಗಿದ ಪ್ರಯೋಗವನ್ನು ಹೇಳಿದರು. ಇಪ್ಪತ್ತು ನಿಮಿಷ ಕಳೆದವು.

“ಅಳಿಯಂದ್ರೇ, ವಾಲಗದೋರು ಒಂಟ್ರಾ ಕೇಳಿ” ಎಂದರು ಮಾವನವರು.

“ಕೇಳುತ್ತೇನೆ ಮಾವ. ಇದಕ್ಕೊಂದು ಕ್ರಮ ಇರುತ್ತದೆ.” ಕ್ರಮ ಮುಗಿಸಿ ಕೇಳಿದೆ. ಮಾದೇವಸ್ವಾಮಿ, ವಾಲಗದವರ ಮನೆಗೆ ಆಳು ಕಳಿಸಿದ್ದೇನೆ, ಉತ್ತರಕ್ಕೆ ಕಾಯಿರಿ ಎಂದರು. ಎಲ್ಲರೂ ಕಾದೆವು. ನನ್ನ ಹಿಂದೆ ನಿಂತಿದ್ದ, ನಿದ್ದೆಗಣ್ಣಿನ ಮುದುಕರೊಬ್ಬರು ಮೆಲ್ಲಗೆ ಕೆಮ್ಮಿದರು. “ವಾಲಗದೋರು ನಾವೇಯ ಸಾ. ಅನ್ನೊಂದು ಗಂಟೆಗೇ ಬಂದ್ವಿ. ಊಟ ಆಗಿ ಒಂದ್ ನಿದ್ದೇನೂ ಆಯ್ತು.”

ಈ ವಿಷಯವನ್ನು ಯಳಂದೂರಿಗೆ ತಿಳಿಸಿ, ವಾಲಗದವರು ಹೊರಟರೇ ಎಂಬುದನ್ನು ಕಂಡುಹಿಡಿಯುವ ಕೆಲಸ ಮುಗಿಯಿತೆಂದು ಹೇಳಿದೆ. ಸೇವೆ ಯಶಸ್ವಿಯಾಗಿದೆ ಎಂದು ಇಬ್ಬರೂ ಪರಸ್ಪರ ಅಭಿನಂದಿಸಿಕೊಂಡೆವು.

ಆಮೇಲೆ ಹನೂರು. ಗುರುಸಿದ್ದಪ್ಪ ಮೇಷ್ಟ್ರ ಬಗ್ಗೆ ಒಂದು ಮಾತು ಹೇಳಬೇಕು. ಮೂವತ್ತು ವರ್ಷ ವ್ಯಾಕರಣ ಪಾಠ ಮಾಡಿ ನಿವೃತ್ತರಾದವರು. ಲೈಸೆನ್ಸಿನ ಜೊತೆ ಬಂದ ನಿಯಮಗಳ ಪುಸ್ತಕವನ್ನು ಇಡಿಯಾಗಿ ಕಂಠಪಾಠ ಮಾಡಿದ್ದರು. ಮನೆಯಲ್ಲಿ ಎಲ್ಲರ ಹಾಗೆ ಮಾತಾಡುವ ಮನುಷ್ಯ, ಮೈಕು ಕೈಗೆ ಬಂದರೆ ಭಾರತ ಸರ್ಕಾರದ ಗೆಜೆಟ್ ಆಗಿಬಿಡುತ್ತಿದ್ದರು.

“ಮೇಷ್ಟ್ರೇ, ಬೀಗರ ಬಸ್ಸು ಬಂತೇ? ಓವರ್” ಎಂದೆ.

ಪುಟ ತಿರುವುವ ಸದ್ದು ಕೇಳಿಸಿತು. ಆಮೇಲೆ ದನಿ ಬಂತು. “ಮಾನ್ಯ ಅಧ್ಯಕ್ಷರೇ, ತಮ್ಮ ಪ್ರಶ್ನೆಗೆ ಉತ್ತರಿಸಲು ನಿಯಮ ಅಡ್ಡ ಬರುತ್ತಿದೆ. ಪುಸ್ತಕ ನನ್ನ ಮುಂದೆಯೇ ತೆರೆದಿದೆ. ಹವ್ಯಾಸಿಗಳು ಪರಸ್ಪರ ತಾಂತ್ರಿಕ ವಿಷಯವನ್ನು ಮಾತಾಡಬಹುದು. ಇಲ್ಲವೇ, ತಂತಿ ಇಲಾಖೆಯ ಮೂಲಕ ಕಳಿಸುವಷ್ಟು ಮುಖ್ಯವಲ್ಲದ ವೈಯಕ್ತಿಕ ವಿಷಯವನ್ನು ಮಾತಾಡಬಹುದು. ಮುಖ್ಯವಾದ ವಿಷಯವನ್ನು ಮಾತಾಡತಕ್ಕದ್ದಲ್ಲ. ಮದುವೆಯು ಮುಖ್ಯವಾದ ವಿಷಯವಾದ್ದರಿಂದ ತಾವು ಟೆಲಿಗ್ರಾಂ ಕೊಡತಕ್ಕದ್ದು. ಓವರ್.”

ನೆಂಟರು ನನ್ನ ಮುಖ ನೋಡಿದರು.

“ಮೇಷ್ಟ್ರೇ, ಇದು ತುರ್ತುಸ್ಥಿತಿ! ತುರ್ತುಸ್ಥಿತಿಯಲ್ಲಿ ಏನು ಬೇಕಾದರೂ ಹೇಳಬಹುದಲ್ಲ! ಓವರ್!”

“ತುರ್ತುಸ್ಥಿತಿ ಎಂದರೆ ಪ್ರವಾಹ, ಭೂಕಂಪ, ಚಂಡಮಾರುತ. ಪಟ್ಟಿಯಲ್ಲಿ ಮದುವೆ ಇಲ್ಲ. ಓವರ್.”

“ಆ ಪಟ್ಟಿ ಬರ್ದೋನ್ಗೆ ಮದ್ವೆ ಆಗಿರ್ನಿಲ್ಲ ಅಂತ ಕಾಣ್ತದೆ” ಎಂದ ಅಡಿಗೆ ಮಲ್ಲಪ್ಪ.

ಮಾವನವರು ಎದ್ದು ನಿಂತರು. “ಗಂಟೆ ನಾಕಾಯ್ತಾ ಬಂತು ಅಳಿಯಂದ್ರೇ. ಆ ವಯ್ಯ ಏನೋ ಪಾಠ ಮಾಡ್ತಾವ್ನಲ್ಲ. ಬಸ್ಸು ಬಂತಾ ಇಲ್ವಾ? ಅಷ್ಟ್ ಏಳ್ಸಿ ಸಾಕು.”

ಆಗ ನನ್ನ ತಲೆಗೆ ಆ ದಿವ್ಯ ಉಪಾಯ ಹೊಳೆಯಿತು. ನಿಯಮವನ್ನು ಮುರಿಯುವುದು ಬೇಡ, ಬಗ್ಗಿಸುವುದೂ ಬೇಡ, ಪಾಲಿಸಿಬಿಡೋಣ! ಮುಖ್ಯವಲ್ಲದ ವಿಷಯವನ್ನು ಮಾತಾಡಬಹುದು ತಾನೇ? ಹಾಗಾದರೆ ಮದುವೆ ಮುಖ್ಯವಲ್ಲ ಎಂದುಬಿಟ್ಟರಾಯಿತು. ನೆಂಟರ ಕಡೆ ತಿರುಗಿ ಕಣ್ಣು ಹೊಡೆದು, ಮೈಕಿನ ಗುಂಡಿ ಒತ್ತಿ, ಸ್ಪಷ್ಟವಾದ ದನಿಯಲ್ಲಿ ಹೇಳಿದೆ.

“ಮೇಷ್ಟ್ರೇ, ಈ ಮದುವೆ ಅಷ್ಟೇನೂ ಮುಖ್ಯವಲ್ಲ. ಓವರ್.”

“ಅಷ್ಟೇನೂ ಎಂದರೆ ಎಷ್ಟು? ಸ್ಪಷ್ಟಪಡಿಸಿ. ಓವರ್.”

“ಏನೇನೂ ಮುಖ್ಯವಲ್ಲ. ಒಂದು ಟೆಲಿಗ್ರಾಂ ಕೊಡುವಷ್ಟೂ ದೊಡ್ಡ ವಿಷಯವಲ್ಲ. ಓವರ್.”

“ಬಸ್ಸಿನಲ್ಲಿ ಬರುವವರ ವಿಷಯ? ಓವರ್.”

“ಅವರೂ ಮುಖ್ಯವಲ್ಲ. ಬಂದರೂ ಒಂದೇ, ಬಾರದಿದ್ದರೂ ಒಂದೇ. ಸುಮ್ಮನೆ ಹೊತ್ತು ಹೋಗಲಿ ಎಂದು ಕೇಳುತ್ತಿದ್ದೇನೆ. ಓವರ್!”

“ತೃಪ್ತಿಕರ” ಎಂದರು ಮೇಷ್ಟ್ರು. ಪುಸ್ತಕ ಮುಚ್ಚಿದ ಸದ್ದೂ ಕೇಳಿಸಿತು. “ಈಗ ಹೇಳಲು ಅಡ್ಡಿಯಿಲ್ಲ. ಬಸ್ಸು ಬಂದು ಅರ್ಧ ಗಂಟೆಯಾಯಿತು. ತಾವು ಅಪ್ಪಣೆ ಮಾಡಿದಂತೆ ಬೀಗರನ್ನೆಲ್ಲ ನನ್ನ ಮನೆಯೊಳಗೆ ಕೂರಿಸಿ ಪಾನಕ ಕೊಟ್ಟಿದ್ದೇನೆ. ಎಲ್ಲರೂ ನನ್ನ ಸೆಟ್ಟಿನ ಸುತ್ತ ಕೂತು ತಮ್ಮ ಮಾತನ್ನು ಬಹಳ ಗಮನವಿಟ್ಟು ಕೇಳುತ್ತಿದ್ದಾರೆ. ಓವರ್.”

ಉಗ್ರಾಣದಲ್ಲಿ ಒಂದು ಕುಂಬಳಕಾಯಿ ಉರುಳಿದ ಸದ್ದಾಯಿತು. ಅದರ ಮೇಲೆ ಮಾವನವರು ಕೈಯೂರಿದ್ದರು.

“ಮೇಷ್ಟ್ರೇ! ಬೀಗರಿಗೆ ಮೈಕು ಕೊಡಿ! ನಾನು ಮಾತಾಡಬೇಕು!” ಓವರ್ ಹೇಳುವುದೂ ಮರೆತುಹೋಯಿತು. ಮೇಷ್ಟ್ರು ಓವರ್‌ಗಾಗಿ ಕಾಯುತ್ತ ಸುಮ್ಮನಿದ್ದರು. ನೆನಪಾಗಿ ಓವರ್ ಎಂದೆ.

“ಬೀಗರಿಗೆ ಲೈಸೆನ್ಸ್ ಇಲ್ಲ. ಅವರು ಮೈಕು ಮುಟ್ಟತಕ್ಕದ್ದಲ್ಲ. ಅವರ ಸಂದೇಶವನ್ನು ನಾನು ದಾಟಿಸತಕ್ಕದ್ದೂ ಅಲ್ಲ. ಆದರೆ ನನ್ನ ಕಣ್ಣಿಗೆ ಬಿದ್ದದ್ದನ್ನು ನನ್ನ ವೈಯಕ್ತಿಕ ಮಾತಾಗಿ ಹೇಳಬಹುದು. ನನ್ನ ಮುಂದೆ ದಪ್ಪ ಮೀಸೆಯ ಹಿರಿಯರೊಬ್ಬರು ಎದ್ದು ನಿಂತಿದ್ದಾರೆ. ಮುಖ ಕೆಂಪಗಿದೆ. ಪಾನಕದ ಲೋಟ ಕೆಳಗಿಟ್ಟರು. ಇಟ್ಟರು ಎನ್ನುವುದಕ್ಕಿಂತ ಕುಕ್ಕಿದರು ಎನ್ನುವುದು ಸರಿಯಾದ ಕ್ರಿಯಾಪದ. ಓವರ್.”

ಮಾವನವರು ನನ್ನ ಕೈಯಿಂದ ಮೈಕು ಕಿತ್ತುಕೊಂಡರು. ಅವರಿಗೂ ಲೈಸೆನ್ಸ್ ಇಲ್ಲ ಎಂದು ಬಾಯಿಯವರೆಗೆ ಬಂದದ್ದನ್ನು ಅವರ ಮುಖ ನೋಡಿ ನುಂಗಿದೆ. “ಬೀಗ್ರೇ, ತಪ್ಪಾಯ್ತು! ನಿಮ್ಮ ಪಾದಕ್ಕೆ ಬೀಳ್ತೀನಿ! ನನ್ನ ಮಗಳು ನನ್ನ ಪಿರಾಣ ಕಣ್ರೀ. ನಿಮ್ಮಂಥ ಮನೆಗೆ ಕೊಡಕ್ಕೆ ನಾವು ಏಳೇಳು ಜನ್ಮದ ಪುಣ್ಯ ಮಾಡಿದ್ವಿ. ಆ ಮೂದೇವಿ ಏನೋ ಒದರ್ಬುಡ್ತು...” ಎಂದು ಐದು ನಿಮಿಷ, ಕಲ್ಲೂ ಕರಗುವಂತೆ ಮಾತಾಡಿದರು. ನೆಂಟರ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅವರು ಮುಗಿಸಿದ ಮೇಲೆ ನೋಡಿದೆ. ಮೈಕಿನ ಗುಂಡಿಯನ್ನು ಒತ್ತೇ ಇರಲಿಲ್ಲ!

ಹನೂರಿಗೆ ಒಂದಕ್ಷರವೂ ತಲುಪಿರಲಿಲ್ಲ. ಅಲ್ಲಿಂದ ಬಂದದ್ದು ಮೇಷ್ಟ್ರ ದನಿ. “ತಮ್ಮ ಕಡೆಯಿಂದ ಐದು ನಿಮಿಷ ಮೌನ. ಮೌನವನ್ನು ಇಲ್ಲಿಯವರು ತಮಗೆ ತೋಚಿದಂತೆ ಅರ್ಥ ಮಾಡಿಕೊಂಡಿದ್ದಾರೆ. ಎಲ್ಲರೂ ಎದ್ದು ಬಸ್ಸು ಹತ್ತುತ್ತಿದ್ದಾರೆ. ಡ್ರೈವರು ಬಸ್ಸನ್ನು ತಿರುಗಿಸುತ್ತಿದ್ದಾನೆ. ಬಸ್ಸಿನ ಮುಖ ಈಗ ಮಾರ್ಟಳ್ಳಿ ಕಡೆಗಿದೆ. ಆಕಾಶ ಶುಭ್ರವಾಗಿದೆ. ಓವರ್.”

ಅದೇ ಹೊತ್ತಿಗೆ “ಬ್ರೇಕ್! ಬ್ರೇಕ್!” ಎಂದು ಒಂದು ದನಿ ನುಗ್ಗಿತು. ತೀರಾ ತುರ್ತು ಇದ್ದವರು ಮಾತ್ರ ಹಾಗೆ ನಡುವೆ ನುಗ್ಗುವುದು. ಮಾದೇವಸ್ವಾಮಿಗೆ ಬೀಗರ ಪರಿಚಯ ಏನಾದರೂ ಇರಬಹುದೇ, ರಾಜಿ ಮಾಡಿಸುತ್ತಾರೋ ಏನೋ ಎಂದು ಆಸೆಯಿಂದ, “ಹೇಳಿ! ಹೇಳಿ! ಓವರ್!” ಎಂದೆ.

“ಅಧ್ಯಕ್ಷರೇ, ಈಗ ದನಿ ಬಹಳ ಸ್ವಚ್ಛವಾಗಿ ಬರುತ್ತಿದೆ! ಎಲೆ ಒಣಗಿತೇ? ಓವರ್!”

ಏನು ಉತ್ತರ ಕೊಟ್ಟೆನೋ ಲೈಸೆನ್ಸಿನ ಭಯದಿಂದ ಇಲ್ಲಿ ಬರೆಯುವುದಿಲ್ಲ.

ಮೈಕು ಕೆಳಗಿಟ್ಟು ತಲೆ ಎತ್ತಿದರೆ ಎದುರಿಗೆ ಗೀತಾ. ಅರಿಸಿನದ ಕೆನ್ನೆಯ ಮೇಲೆ ನೀರು ಎರಡು ಗೆರೆ ಎಳೆದಿತ್ತು. ಅವಳು ಬೈಯಲಿಲ್ಲ. “ಭಾವಾ, ನನ್ ಮದ್ವೆ ಒಂದು ಟೆಲಿಗ್ರಾಂ ಕೊಡೋ ಅಷ್ಟೂ ದೊಡ್ದಲ್ವಾ?” ಎಂದು ಮೆಲ್ಲಗೆ ಕೇಳಿದಳು. ಅವಳು ಲಂಗ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿದ್ದಾಗಿನಿಂದ ನನ್ನನ್ನು ಬಲು ದೊಡ್ಡ ವಿಜ್ಞಾನಿ ಎಂದು ನಂಬಿದ್ದ ಏಕೈಕ ವ್ಯಕ್ತಿ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನಿಯಮ, ಸೇವೆ, ಸಂಘ ಎಲ್ಲ ನಾಚಿಕೆಯಲ್ಲಿ ಕರಗಿಹೋದವು. “ಇಲ್ಲ ಕಣಮ್ಮ, ಅದು ಬರೀ ನಿಯಮಕ್ಕೆ...” ಎಂದು ತೊದಲಿದೆ. ನಿಯಮದ ವಿವರಣೆ ಆ ಮುಖಕ್ಕೆ ಏನು ಸಮಾಧಾನ ಕೊಟ್ಟೀತು?

ಆಗ ಬಾಗಿಲಲ್ಲಿ ಮಂಗಳಳ ದನಿ. “ಯಾಕೆ ಎಲ್ಲಾರೂ ಇಲ್ಲಿ ಎಣ ಕಾಯೋರ್ ಥರ ನಿಂತಿದ್ದೀರಿ? ಬೀಗರ ಬಸ್ಸು ಹನೂರ್ಗೆ ಬಂದು ಅರ್ಧ ಗಂಟೆ ಆಯ್ತು. ಆರತಿ ತಟ್ಟೆ ಎಲ್ಲಿ?”

“ನಿನಗೆ ಹೇಗೆ ಗೊತ್ತು?” ಎಂದೆ.

“ಬೂತ್‌ನಿಂದ ಫೋನ್ ಮಾಡ್ದೆ. ಮೇಷ್ಟ್ರ ಮನೆ ಪಕ್ಕದ ಗೊಬ್ರದ ಅಂಗ್ಡಿ ನಂಬರು ಬೀಗರೇ ಕೊಟ್ಟಿದ್ರಲ್ಲ, ಲಗ್ನಪತ್ರಿಕೆ ಹಿಂದೆ ಬರ್ಕೊಂಡಿದ್ದೆ. ನಿಮ್ಮ ಪೆಟ್ಗೆ ನಂಬ್ಕಂಡು ಕೂತಿದ್ರೆ ಆಗ್ತಿತ್ತಾ?”

ಮಾವನವರು ನಡೆದದ್ದನ್ನು ಎರಡು ಮಾತಿನಲ್ಲಿ ಹೇಳಿದರು. ಮಂಗಳ ನನ್ನನ್ನು ಒಮ್ಮೆ ನೋಡಿದಳು. ಒಂದೇ ಸಲ. ಆಮೇಲೆ ಸೀರೆ ನೆರಿಗೆ ಎತ್ತಿ ಹಿಡಿದು ಬೂತಿನ ಕಡೆ ಓಡಿದಳು.

ಅಲ್ಲಿ ಅವಳು ಏನು ಮಾತಾಡಿದಳೋ ನಮಗೆ ಕೇಳಿಸುವಂತಿರಲಿಲ್ಲ. ಆದರೆ ಹನೂರಿನಲ್ಲಿ ನಡೆದದ್ದನ್ನು ಮೇಷ್ಟ್ರು ತಮ್ಮ ಕಿಟಕಿಯಿಂದ ನೋಡಿ ನಿಷ್ಪಕ್ಷಪಾತವಾಗಿ ವರದಿ ಮಾಡುತ್ತಿದ್ದರು. “ಗೊಬ್ಬರದ ಅಂಗಡಿಯವನು ಓಡಿ ಬಂದು ಬಸ್ಸಿನ ಬಾಗಿಲು ತಟ್ಟುತ್ತಿದ್ದಾನೆ. ಹಸಿರು ಸೀರೆಯ ಯಜಮಾನಿಯೊಬ್ಬರು ಇಳಿದು ಅಂಗಡಿಯೊಳಗೆ ಹೋದರು. ಬಹುಶಃ ವರನ ತಾಯಿ. ಇದು ಊಹೆ. ಓವರ್.”

ಮಾವನವರು ಕೈಮುಗಿದು ನನ್ನ ಸೆಟ್ಟಿನ ಮುಂದೆ ದೇವರ ಮುಂದೆ ನಿಂತಂತೆ ನಿಂತಿದ್ದರು.

“ಯಜಮಾನಿಯವರು ಹೊರಗೆ ಬಂದರು. ನಗುತ್ತಿದ್ದಾರೆ. ಬಸ್ಸು ಹತ್ತಿ ಮೀಸೆಯವರ ಕಿವಿಯಲ್ಲಿ ಏನೋ ಹೇಳಿದರು. ಮೀಸೆಯವರು ನಗುತ್ತಿಲ್ಲ. ಈಗ ನಕ್ಕರು. ಬಸ್ಸಿನವರೆಲ್ಲ ಒಬ್ಬರಿಗೊಬ್ಬರು ಹೇಳಿಕೊಂಡು ನಗುತ್ತಿದ್ದಾರೆ. ಕೆಲವರು ಕಿಟಕಿಯಿಂದ ನನ್ನ ಆಂಟೆನಾದ ಕಡೆ ಬೆರಳು ತೋರಿಸುತ್ತಿದ್ದಾರೆ. ಕಾರಣ ತಿಳಿಯದು. ಬಸ್ಸು ಕೊಳ್ಳೇಗಾಲದ ಕಡೆಗೆ ಹೊರಟಿತು. ಓವರ್.”

ನೆಂಟರು ಹೋ ಎಂದರು. ಗೀತಾ ಮೂಗೊರೆಸಿಕೊಂಡು ನಕ್ಕಳು. ವಾಲಗದ ಮುದುಕರು ಎಚ್ಚರವಾಗಿ ಡೋಲಿನವನನ್ನು ಹುಡುಕಲು ಹೋದರು. ಅಷ್ಟು ಹೊತ್ತಿಗೆ ಮಂಗಳ ಸೆರಗಿನಲ್ಲಿ ಬೆವರೊರೆಸುತ್ತ ಬಂದಳು.

“ಏನು ಹೇಳಿದೆ ಅವರಿಗೆ?” ಎಂದು ಕೇಳಿದೆ.

“ಇರೋ ವಿಷ್ಯನೇ ಏಳ್ದೆ. ‘ನೋಡಿ ಅಕ್ಕ, ನಮ್ಮೆಜಮಾನ್ರ ಮಾತ್ನ ನಮ್ಮನೇಲಿ ಯಾರೂ ಲೆಕ್ಕಕ್ಕೇ ಇಟ್ಕಳಲ್ಲ. ಒಂಬತ್ತು ವರ್ಸದಿಂದ ನಾನೇ ಇಟ್ಕಂಡಿಲ್ಲ. ನೀವ್ಯಾಕೆ ಇಟ್ಕತೀರಿ?’ ಅಂದೆ. ಆವಮ್ಮ ಬಿದ್ದು ಬಿದ್ದು ನಕ್ಕುದ್ರು. ಅವ್ರ ಮನೇಲೂ ಇಂಥೋರೊಬ್ರು ಅವ್ರಂತೆ.”

“ಆದ್ರೆ ಒಂದು ಸರ್ತ ಆಕವ್ರೆ” ಎಂದು ಸೇರಿಸಿದಳು. ಆ ಷರತ್ತು ಸಂಜೆ ಐದೂವರೆಗೆ ಛತ್ರದ ಬಾಗಿಲಲ್ಲಿ ನೆರವೇರಿತು. ಬಸ್ಸು ನಿಂತಿತು. ವಾಲಗ ಊದಿತು. ಆರತಿ ಬೆಳಗಿತು. ಮೀಸೆಯ ಬೀಗರು ಇಳಿದು ಹೊಸ್ತಿಲಾಚೆಯೇ ನಿಂತು, “ಏಳಿ ಬೀಗ್ರೇ, ಎಲ್ಲಾರ್ಗೂ ಕೇಳಂಗೆ ಏಳಿ” ಎಂದರು. ವಾಲಗ ನಿಲ್ಲಿಸಲಾಯಿತು. ನನ್ನ ಮಾವನವರು ತಾಂಬೂಲದ ತಟ್ಟೆ ಹಿಡಿದು, ಎರಡೂ ಕಡೆಯ ಮುನ್ನೂರು ಜನರ ಸಮ್ಮುಖದಲ್ಲಿ, “ನನ್ನ ಇರೀ ಅಳಿಯಂದ್ರ ಮಾತು ಈ ಮನೇಲಿ ಯಾವತ್ತೂ ನಡ್ದಿಲ್ಲ, ಇನ್ಮುಂದೂ ನಡ್ಯಲ್ಲ” ಎಂದು ಪ್ರಮಾಣ ಮಾಡಿದರು. ಬೀಗರು ನನ್ನ ಕಡೆ ತಿರುಗಿದರು. “ನೀವೇನಂತೀರಿ ಸಾ?”

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮಂಗಳ ವಾಲಗದವರಿಗೆ ಸನ್ನೆ ಮಾಡಿಬಿಟ್ಟಳು. ಡೋಲು ಮೊಳಗಿತು. ನಾನು ಏನೆಂದೆ ಎಂದು ಯಾರಿಗೂ ಕೇಳಿಸಲಿಲ್ಲ, ಯಾರೂ ಮತ್ತೆ ಕೇಳಲೂ ಇಲ್ಲ. ಬೀಗರು ನಗುತ್ತ ಹೊಸ್ತಿಲು ದಾಟಿದರು.

ಮರುದಿನ ಮದುವೆ ಸಾಂಗವಾಗಿ ನಡೆಯಿತು. ಊಟದ ಪಂಕ್ತಿಯಲ್ಲಿ ಬೀಗರು ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು ಮೂರು ಹೋಳಿಗೆ ಹಾಕಿಸಿದರು. ಒಳ್ಳೆಯ ಮನುಷ್ಯ. ಸಾರು ಚೆನ್ನಾಗಿದೆ ಎಂದು ನಾನು ಹೇಳಿದಾಗ, ಬಡಿಸುವವನನ್ನು ಕರೆದು, “ಸಾರು ಎಂಗದೆ, ಒಸಿ ನೀನ್ ಏಳಪ್ಪ” ಎಂದರು, ಅಷ್ಟೇ.

ಗೀತಾ ಸುಖವಾಗಿದ್ದಾಳೆ. ಆ ಮನೆಯಲ್ಲಿ ನನಗೆ ಬಹಳ ಮರ್ಯಾದೆ. ಕುರ್ಚಿ ನನಗೇ ಮೊದಲು, ಕಾಫಿ ನನಗೇ ಮೊದಲು. ಹೋದ ವರ್ಷ ಅವಳ ಮಗನ ನಾಮಕರಣಕ್ಕೆ ಹೋಗಿದ್ದಾಗ, ಬೀಗರೇ ಎಲ್ಲರನ್ನೂ ಸುಮ್ಮನಿರಿಸಿ, ಮಗುವಿಗೆ ಒಂದು ಒಳ್ಳೆಯ ಹೆಸರು ಹೇಳಿ ಎಂದು ನನ್ನನ್ನು ಕೇಳಿಕೊಂಡರು. ಹಿಂದಿನ ವಾರವಿಡೀ ಯೋಚಿಸಿ ಇಟ್ಟುಕೊಂಡಿದ್ದ ಹೆಸರನ್ನು ಹೇಳಿದೆ. ಎರಡೂ ಮನೆಯವರು ತಲೆದೂಗಿ, ಇದಕ್ಕಿಂತ ಚೆಂದದ ಹೆಸರಿಲ್ಲ ಎಂದು ಒಕ್ಕೊರಲಿನಿಂದ ಮೆಚ್ಚಿದರು. ಆಮೇಲೆ ಬೇರೆ ಹೆಸರಿಟ್ಟರು.